ರೇಷ್ಮೆ ಗ್ರಂಥಿಯೊಳಗಿನ ಸೂಕ್ಷ್ಮ ಹಾದಿಗಳು

ರೇಷ್ಮೆ ಹುಳು ಹಿಪ್ಪುನೇರಳೆ ಸೊಪ್ಪು ತಿಂದು ನೂಲು ಕೊಡುತ್ತದೆ ಎಂಬುದು ಎಲ್ಲರಿಗೂ ತಿಳಿದ ಸಂಗತಿ. ಆದರೆ ಸೊಪ್ಪಿನ ಸಾರ ನೂಲಾಗುವ ಮುನ್ನ ಜೀವಕೋಶದೊಳಗೆ ಒಂದು ಪುಟ್ಟ ಪ್ರಯಾಣ ನಡೆಯಬೇಕು. ಆ ಹಾದಿ ಕೆಟ್ಟರೆ, ರೇಷ್ಮೆ ತಯಾರಾಗಿದ್ದರೂ ಹೊರಬರಲಾರದು.

ಹುಳುವಿನ ದೇಹದಲ್ಲಿ ಒಂದು ಜೊತೆ ರೇಷ್ಮೆ ಗ್ರಂಥಿಗಳಿವೆ. ಗ್ರಂಥಿಯ ಹಿಂಭಾಗ ನೂಲಿನ ತಿರುಳಾದ ಫೈಬ್ರೋಯಿನ್ ಎಂಬ ಪ್ರೊಟೀನನ್ನೂ, ಮಧ್ಯಭಾಗ ಅದಕ್ಕೆ ಅಂಟಾಗುವ ಸೆರಿಸಿನ್ ಅನ್ನೂ ಸ್ರವಿಸುತ್ತವೆ. ಹಿಂಭಾಗದಲ್ಲಿರುವುದು ಸುಮಾರು 500 ಜೀವಕೋಶಗಳು ಮಾತ್ರ. ಮೊಟ್ಟೆಯೊಡೆದ ಬಳಿಕ ಇವುಗಳ ಸಂಖ್ಯೆ ಹೆಚ್ಚುವುದಿಲ್ಲ; ಒಂದೊಂದೂ ದೈತ್ಯಾಕಾರಕ್ಕೆ ಬೆಳೆಯುತ್ತದೆ.

ಜೀವಕೋಶ ಇಷ್ಟು ದೊಡ್ಡದಾದಾಗ ಸಾಗಣೆಯೇ ಸಮಸ್ಯೆ. ತಯಾರಾದ ಫೈಬ್ರೋಯಿನ್ ಗಾಲ್ಗಿ ಎಂಬ ಅಂಗಕದಲ್ಲಿ ಸಣ್ಣ ಕಣಗಳಾಗಿ ಕಟ್ಟಲ್ಪಟ್ಟು ಗ್ರಂಥಿಯ ಒಳನಾಳದತ್ತ ಸಾಗಬೇಕು. ಈ ಕೆಲಸಕ್ಕೆ ನೆರವಾಗುವುದು ‘ಸೈಟೋಸ್ಕೆಲಿಟನ್’, ಅಂದರೆ ಜೀವಕೋಶದ ಅಸ್ಥಿಪಂಜರ. ಹೆಸರು ಅಸ್ಥಿಪಂಜರವಾದರೂ ಇದರಲ್ಲಿ ಮೂಳೆಯಿಲ್ಲ. ಪ್ರೊಟೀನಿನಿಂದಾದ ಸೂಕ್ಷ್ಮನಾಳಗಳು ಹಾಗೂ ತೆಳು ಎಳೆಗಳ ಜಾಲವಿದು. ಆಕಾರಕ್ಕೆ ಆಧಾರವೂ ಹೌದು, ಸರಕು ಸಾಗುವ ಹಳಿಯೂ ಹೌದು.

1970ರ ದಶಕದಲ್ಲಿ ಜಪಾನಿನ ಸಾಸಾಕಿ, ತಾಶಿರೋ ಮತ್ತಿತರ ವಿಜ್ಞಾನಿಗಳು ಇದನ್ನು ಪರೀಕ್ಷಿಸಿದರು. ಸೂಕ್ಷ್ಮನಾಳಗಳನ್ನು ಕೆಡಿಸುವ ಕಾಲ್ಚಿಸಿನ್ ಎಂಬ ರಾಸಾಯನಿಕವನ್ನು ಬಳಸಿದಾಗ ಫೈಬ್ರೋಯಿನ್ ಸ್ರವಿಸುವುದು ಕುಗ್ಗಿತು. ಕಣಗಳು ಜೀವಕೋಶದಲ್ಲೇ ಶೇಖರಗೊಂಡವು. ನಮ್ಮ ಅಗ್ನಿಶಿಖೆ ಗಿಡದಲ್ಲಿಯೂ ಇರುವ ವಿಷವಸ್ತುವಿದು. ಒಳನಾಳದತ್ತ ಚಾಚಿದ ಸೂಕ್ಷ್ಮನಾಳಗಳು ಕಣಗಳನ್ನು ಸಾಗಿಸುತ್ತವೆ, ನಾಳದಂಚಿನಲ್ಲಿ ಸುತ್ತುವರಿದ ನಾಳ ಹಾಗೂ ಎಳೆಗಳ ಮತ್ತೊಂದು ಜಾಲ ಅವುಗಳ ಬಿಡುಗಡೆಗೆ ನೆರವಾಗುತ್ತದೆ ಎಂಬ ತೀರ್ಮಾನಕ್ಕೆ ಈ ತಂಡ 1981ರಲ್ಲಿ ಬಂದಿತು.

ದೇಶದಲ್ಲಿ ಹಿಪ್ಪುನೇರಳೆ ರೇಷ್ಮೆಯನ್ನು ಅತಿ ಹೆಚ್ಚು ಉತ್ಪಾದಿಸುವ ಕರ್ನಾಟಕಕ್ಕೆ ಈ ವಿಷಯ ದೂರದ್ದೇನಲ್ಲ. ಹುಳು ತಿನ್ನುವ ಒಟ್ಟು ಸೊಪ್ಪಿನಲ್ಲಿ ಶೇ 80ಕ್ಕೂ ಹೆಚ್ಚು ಭಾಗ ನಾಲ್ಕನೇ ಜ್ವರದ ನಂತರದ ಕೊನೆಯ ಹಂತದಲ್ಲಿ ಖರ್ಚಾಗುತ್ತದೆ. ಫೈಬ್ರೋಯಿನ್ ಭರದಿಂದ ತಯಾರಾಗುವುದೂ ಆಗಲೇ. ಜೀವಕೋಶಗಳ ಸಂಖ್ಯೆ ನಿಗದಿಯಾಗಿರುವುದರಿಂದ, ಆ ಒಂದು ವಾರದಲ್ಲಿ ಸೊಪ್ಪು ಕೊರತೆಯಾದರೆ ನಷ್ಟ ತುಂಬಿಕೊಳ್ಳಲು ಹುಳುವಿಗೆ ಬೇರೆ ದಾರಿಯಿಲ್ಲ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಡುವ ಹೊತ್ತಿಗೆ ಗೂಡಿನ ತೂಕ ಬಹುಮಟ್ಟಿಗೆ ನಿರ್ಧಾರವಾಗಿರುತ್ತದೆ. ರೈತನಿಗೆ ಮಾರುಕಟ್ಟೆಯಲ್ಲಿ ದೊರೆಯುವ ಬೆಲೆಯ ಹಿಂದೆ ಕಣ್ಣಿಗೆ ಕಾಣದ ಈ ಹಾದಿಗಳ ದುಡಿಮೆಯೂ ಇದೆ.