ಟ್ವೀಟರಿನ ಕರ್ಕಶತೆ: ಕಾರಣ ಮತ್ತು ಪರಿಹಾರ

ಅಂಗಡಿಯಲ್ಲಿ ಇಂಪಾಗಿ ಕೇಳಿಸಿದ ಸ್ಪೀಕರ್ ಗ್ರಾಹಕರ ಮನೆ ಸೇರಿದೊಡನೆ ಕರ್ಕಶವೆನಿಸುವುದು ಧ್ವನಿ ಉಪಕರಣಗಳ ವ್ಯಾಪಾರದಲ್ಲಿ ಹೊಸತಲ್ಲ. ಹಾಡಿನ ‘ಸ’, ‘ಶ’ಗಳು ಕಿವಿಗೆ ಚುಚ್ಚುತ್ತವೆ, ತಾಳದ ಸದ್ದು ಗಾಯನವನ್ನೇ ಮುಚ್ಚುತ್ತದೆ. ಸಾಯಗಾಂವ, ಭಾಲ್ಕಿ ಅಥವಾ ಔರಾದಿಗೆ ಮಾರಿದ ಪೆಟ್ಟಿಗೆ ಬೀದರಿನ ಅಂಗಡಿಗೆ ಮರಳಿದರೆ ಸಾಗಣೆ ವೆಚ್ಚದ ಜೊತೆಗೆ ಗ್ರಾಹಕರ ವಿಶ್ವಾಸವೂ ನಷ್ಟವಾಗುತ್ತದೆ. ಆದುದರಿಂದ ಟ್ವೀಟರನ್ನು ಬದಲಾಯಿಸುವ ಮೊದಲು ಕಾರಣವನ್ನು ಕ್ರಮವಾಗಿ ಪರಿಶೀಲಿಸುವುದು ಲಾಭಕರ.

ಮೊದಲು ಕೋಣೆ

ತಾರಸ್ವರಗಳನ್ನು ಬಟ್ಟೆ, ಹತ್ತಿಗಳು ಹೀರಿಕೊಳ್ಳುತ್ತವೆ. ಕಲ್ಲು, ಗಾಜು, ಸಿಮೆಂಟುಗಳು ಹಿಂದಕ್ಕೆ ಎಸೆಯುತ್ತವೆ. ಸರಕು ತುಂಬಿದ ಅಂಗಡಿಗೂ ಶಹಾಬಾದ್ ಕಲ್ಲಿನ ನೆಲ, ಬರಿಗೋಡೆಗಳಿರುವ ಮನೆಗೂ ಇರುವ ವ್ಯತ್ಯಾಸ ಇದೇ. ನೆಲಕ್ಕೆ ಜಮಖಾನೆ, ಕಿಟಕಿಗೆ ದಪ್ಪ ಪರದೆ ಹಾಕಿ, ಸ್ಪೀಕರಿನ ಮುಖವನ್ನು ಕೇಳುಗರ ನೇರದಿಂದ ಸ್ವಲ್ಪ ತಿರುಗಿಸಿದರೆ ತೀಕ್ಷ್ಣತೆ ತಗ್ಗುತ್ತದೆ. ಇದಕ್ಕೆ ಪೆಟ್ಟಿಗೆ ಬಿಚ್ಚಬೇಕಾಗಿಲ್ಲ. ಧ್ವನಿ ಏರಿಸಿದಾಗ ಮಾತ್ರ ಕರ್ಕಶತೆ ಕಂಡುಬಂದರೆ ಆಂಪ್ಲಿಫಯರ್ ತನ್ನ ಮಿತಿ ಮೀರುತ್ತಿರುವ ಸಾಧ್ಯತೆಯಿದೆ. ಅದಕ್ಕೆ ಟ್ವೀಟರಿನಲ್ಲಿ ಪರಿಹಾರವಿಲ್ಲ.

ನಂತರ ಮಟ್ಟ

ಎಲ್ಲ ಮನೆಗಳಲ್ಲಿಯೂ ಇದೇ ದೂರು ಬಂದರೆ ದೋಷ ವಿನ್ಯಾಸದಲ್ಲಿದೆ. ಉದಾಹರಣೆಗೆ, ಒಂದೇ ವಿದ್ಯುತ್ ಸಂಕೇತಕ್ಕೆ ವೂಫರ್ 87 ಡೆಸಿಬೆಲ್, ಟ್ವೀಟರ್ 90 ಡೆಸಿಬೆಲ್ ಧ್ವನಿ ನೀಡಿದರೆ ತಾರಸ್ವರ 3 ಡೆಸಿಬೆಲ್ ಮುಂದಿರುತ್ತದೆ. ಇದನ್ನು ರೆಸಿಸ್ಟರಿನಿಂದ ತಗ್ಗಿಸಬಹುದು.

ಒಂದೇ ರೆಸಿಸ್ಟರ್ ಏಕೆ ಸಾಲದು?

ಅಗ್ಗದ ಸ್ಪೀಕರುಗಳಲ್ಲಿ ಟ್ವೀಟರಿಗೆ ಕಾವಲಾಗಿರುವುದು ಒಂದು ಕೆಪಾಸಿಟರ್ ಮಾತ್ರ. 8 ಓಮ್ ಟ್ವೀಟರಿಗೆ 4.7 ಮೈಕ್ರೋಫ್ಯಾರಡ್ ಕೆಪಾಸಿಟರ್ ಜೋಡಿಸಿದರೆ ಸುಮಾರು 4,200 ಹರ್ಟ್ಸ್‌ಗಿಂತ ಕೆಳಗಿನ ಸ್ವರಗಳು ಕ್ರಮೇಣ ಕ್ಷೀಣಿಸುತ್ತವೆ. ಸರಣಿಯಲ್ಲಿ 2.2 ಓಮ್ ರೆಸಿಸ್ಟರನ್ನು ಮಾತ್ರ ಸೇರಿಸಿದರೆ ಒಟ್ಟು ಭಾರ 10.2 ಓಮ್ ಆಗಿ, ಈ ಗಡಿ ಸುಮಾರು 3,300 ಹರ್ಟ್ಸ್‌ಗೆ ಇಳಿಯುತ್ತದೆ. ತಾರಸ್ವರದ ಮಟ್ಟ ತಗ್ಗಿದರೂ ಟ್ವೀಟರಿನಲ್ಲಿ ವೂಫರಿನ ಪಾಲಿನ ಸ್ವರಗಳು ಅದೇ ಪ್ರಮಾಣದಲ್ಲಿ ತಗ್ಗದೆ ಧ್ವನಿಯ ಹೊಂದಾಣಿಕೆ ಕೆಡುತ್ತದೆ.

ಇದಕ್ಕೆ ಉಪಾಯ ಎರಡು ರೆಸಿಸ್ಟರುಗಳ ಎಲ್-ಪ್ಯಾಡ್. ಕೆಪಾಸಿಟರಿನ ನಂತರ 2.2 ಓಮ್ ಸರಣಿಯಲ್ಲಿ, 22 ಓಮ್ ಟ್ವೀಟರಿನ ಎರಡೂ ತುದಿಗಳಿಗೆ ಅಡ್ಡಲಾಗಿ ಇರಬೇಕು. ಆಗ ಧ್ವನಿ 3 ಡೆಸಿಬೆಲ್‌ನಷ್ಟು ಇಳಿದರೂ ಒಟ್ಟು ಭಾರ ಸುಮಾರು 8 ಓಮ್‌ನಲ್ಲಿಯೇ ಉಳಿದು, ಗಡಿ ಕದಲುವುದಿಲ್ಲ. 6 ಡೆಸಿಬೆಲ್ ತಗ್ಗಿಸಲು 3.9 ಮತ್ತು 8.2 ಓಮ್ ಬಳಸಬಹುದು. ಟ್ವೀಟರಿನ ರೋಧ ಸ್ವರದೊಡನೆ ಬದಲಾಗುವುದರಿಂದ ಲೆಕ್ಕವು ಆರಂಭದ ಅಂದಾಜು ಮಾತ್ರ; ಕೊನೆಯ ತೀರ್ಮಾನ ಆಲಿಸಿದ ಮೇಲೆಯೇ.

ತಯಾರಕರು ಗಮನಿಸಬೇಕಾದದ್ದು

ರೆಸಿಸ್ಟರುಗಳು ಬಿಸಿಯಾಗುವುದರಿಂದ ಗೃಹಬಳಕೆಯ ಸ್ಪೀಕರಿಗೆ 10 ವ್ಯಾಟಿನ ತಂತಿ ಸುತ್ತಿದ ಬಗೆಯವು ಸೂಕ್ತ. ಅವನ್ನು ಕೆಪಾಸಿಟರ್ ಹಾಗೂ ಪೆಟ್ಟಿಗೆಯೊಳಗಿನ ಹತ್ತಿಯಿಂದ ದೂರವಿಡಬೇಕು. ಎಡ-ಬಲ ಸ್ಪೀಕರುಗಳೆರಡಕ್ಕೂ ಒಂದೇ ಮೌಲ್ಯದವು ಇರಬೇಕು. ಮಾದರಿಯನ್ನು ಅಂಗಡಿಯಲ್ಲಷ್ಟೇ ಅಲ್ಲದೆ ಕಲ್ಲುನೆಲದ ಬರಿಕೋಣೆಯಲ್ಲಿಯೂ ಪರೀಕ್ಷಿಸುವುದು ಕ್ಷೇಮ. ಬೇರೆ ಕಂಪನಿಯ ಪೆಟ್ಟಿಗೆಯನ್ನು ಬಿಚ್ಚಿದರೆ ಅದರ ವಾರಂಟಿ ರದ್ದಾಗಬಹುದು. ವರ್ತಕರು ಅಲ್ಲಿ ಕೋಣೆಯ ಪರಿಹಾರಕ್ಕೇ ಸೀಮಿತರಾಗುವುದು ಒಳಿತು. ಸ್ವಂತ ತಯಾರಿಕೆಯಲ್ಲಿ ಮಾತ್ರ, ಕೆಲವೇ ರೂಪಾಯಿಯ ಈ ಎರಡು ಬಿಡಿಭಾಗಗಳನ್ನು ಉಳಿಸಲು ಹೋಗಿ ಮಾಲು ಹಿಂದಿರುಗುವಂತೆ ಮಾಡಿಕೊಳ್ಳುವುದು ಲಾಭದ ಲೆಕ್ಕವಲ್ಲ.