ಬೀಗ ಹಾಕುವ ಮುಂಚೆ ಅಳೆಯಿರಿ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ಶೈಕ್ಷಣಿಕ ವಲಯಗಳ ಒಳನಾಡಿನಲ್ಲಿ ಮನೆಗಳು ಒತ್ತೊತ್ತಾಗಿಲ್ಲ. ತೋಟಕ್ಕೊಂದು, ಗದ್ದೆಯಂಚಿಗೊಂದು, ನಡುವೆ ಹಾಡಿ, ತೋಡು, ಹೊಳೆ. ಇಲ್ಲಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗಳು ಸಣ್ಣವಾಗಿರುವುದು ಸಹಜ. ಮಕ್ಕಳು ಕಡಿಮೆಯೆಂದು ಇಂಥವನ್ನು ಮುಚ್ಚಿ, ಕರ್ನಾಟಕ ಪಬ್ಲಿಕ್ ಶಾಲೆಯಂಥ ದೊಡ್ಡ ಶಾಲೆಗೆ ಸೇರಿಸುವ ಯೋಚನೆ ಮತ್ತೆ ಮತ್ತೆ ತಲೆಯೆತ್ತುತ್ತಿದೆ. ಅಳೆದು ನೋಡದೆ ಅದಕ್ಕೆ ಕೈಹಾಕಿದರೆ ಮೊದಲು ಶಾಲೆ ತಪ್ಪುವುದು ತೀರಾ ಚಿಕ್ಕ ಮಕ್ಕಳಿಗೆ.

ಇದು ಬರೀ ಆತಂಕವಲ್ಲ. ಅಫ್ಘಾನಿಸ್ತಾನದ ಘೋರ್ ಪ್ರಾಂತ್ಯದ 31 ಹಳ್ಳಿಗಳಲ್ಲಿ ಸಂಶೋಧಕರಾದ ಡಾನಾ ಬರ್ಡೆ ಮತ್ತು ಲೀ ಲಿಂಡನ್ ಶಾಲೆಯ ದೂರ ಏನು ಮಾಡುತ್ತದೆಂದು ಪರೀಕ್ಷಿಸಿದರು. ಚೀಟಿ ಎತ್ತಿದಂತೆ ಆರಿಸಿದ ಕೆಲವು ಹಳ್ಳಿಗಳಲ್ಲಿ ಊರೊಳಗೇ ಶಾಲೆ ತೆರೆಯಲಾಯಿತು. ಉಳಿದವು ಒಂದು ವರ್ಷ ಕಾದವು. 2013ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಶಾಲೆ ಒಂದು ಮೈಲಿ ದೂರವಾದಂತೆ ನೂರು ಮಕ್ಕಳಲ್ಲಿ 16 ಮಂದಿಯ ದಾಖಲಾತಿ ಕುಸಿಯಿತು. ಪರೀಕ್ಷೆಯ ಅಂಕಗಳೂ ಇಳಿದವು. ಬಿಹಾರದಲ್ಲಿ ಹೆಣ್ಣುಮಕ್ಕಳಿಗೆ ಸೈಕಲ್ ಕೊಟ್ಟಾಗ ಪ್ರೌಢಶಾಲೆಗೆ ಸೇರುವವರು ಶೇ 32ರಷ್ಟು ಹೆಚ್ಚಿದರು. ಆದರೆ ಆರು ವರ್ಷದ ಮಗುವಿನ ಕೈಗೆ ಸೈಕಲ್ ಕೊಟ್ಟು ದೂರವನ್ನು ನೀಗಲಾಗದು.

ಘೋರ್ ಬೇರೆ, ಬೈಂದೂರು ಬೇರೆ, ನಿಜ. ನಮ್ಮ ಊರುಗಳಲ್ಲಿ ದೂರದ ಜತೆಗೆ ಮಳೆ ಇದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನಲ್ಲಿ, ಶಾಲೆಯಿಂದ ಮರಳುತ್ತಿದ್ದ ಎರಡನೇ ತರಗತಿಯ ಹುಡುಗಿ ಕಾಲುಸಂಕದಿಂದ ಜಾರಿ ನೀರುಪಾಲಾದಳು. ವ್ಯಾನು ಕೊಡುತ್ತೇವೆ ಎನ್ನುವವರಿದ್ದಾರೆ. ವ್ಯಾನು ನಿಲ್ಲುವುದು ಟಾರು ರಸ್ತೆಯಲ್ಲಿ. ಮಗು ಸಂಕ ದಾಟಬೇಕಾದ್ದು ಅದಕ್ಕೂ ಮುಂಚೆ.

ಬೇರೆ ಬೇರೆ ತರಗತಿಯವರು ಒಟ್ಟಿಗೆ ಕೂತರೆ ಕಲಿಕೆ ಆಗದು ಎಂಬ ವಾದವೂ ಗಟ್ಟಿಯಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿ, ಒಂದೇ ಕೋಣೆಯಲ್ಲಿ ಮಕ್ಕಳು ತಂತಮ್ಮ ವೇಗದಲ್ಲಿ ಕಲಿಯಲೆಂದೇ ರೂಪುಗೊಂಡದ್ದು. ಸಣ್ಣ ಶಾಲೆಯ ನಿಜವಾದ ಕೊರತೆ ಶಿಕ್ಷಕರದ್ದು. ಒಬ್ಬರೇ ಟೀಚರ್ ಪಾಠ, ಬಿಸಿಯೂಟ, ದಾಖಲೆ, ಮೀಟಿಂಗು ಎಲ್ಲ ಹೊತ್ತರೆ ಸೊರಗುವುದು ಪಾಠವೇ. ಅದಕ್ಕೆ ಮದ್ದು ಇನ್ನೊಬ್ಬ ಟೀಚರ್.

ಆದರೂ ವಿಲೀನ ಬೇಕೇ ಬೇಕೆಂದರೆ, ಶಿಕ್ಷಣ ಇಲಾಖೆ ಈ ಮೂರು ವಲಯಗಳಲ್ಲಿ ಚೀಟಿ ಎತ್ತಿ ಕೆಲವೇ ಶಾಲೆಗಳಲ್ಲಿ ಮಾಡಿ ನೋಡಲಿ. ಮಕ್ಕಳ ಓದು, ಲೆಕ್ಕ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹಾಜರಾತಿಯನ್ನು ಮೊದಲೊಮ್ಮೆ, ವರ್ಷದ ನಂತರ ಇನ್ನೊಮ್ಮೆ ಇಲಾಖೆಯ ಹೊರಗಿನವರು ಅಳೆಯಲಿ. ಆ ಲೆಕ್ಕ ಕೈಗೆ ಬರುವವರೆಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ (ಎಸ್‌ಡಿಎಂಸಿ) ತಂದೆತಾಯಂದಿರು ಯಾವ ಒಪ್ಪಿಗೆ ಪತ್ರಕ್ಕೂ ಸಹಿ ಹಾಕಬಾರದು.