ಟಾಮಿಗೂ ಹಾಸಿಗೆಯಲ್ಲಿ ಪಾಲೆ?

ನಾಯಿಗೆ ಸಲಿಗೆ ಕೊಟ್ಟರೆ ಮೂತಿ ನೆಕ್ಕೀತು ಎಂಬುದು ಹಿರಿಯರ ಮಾತು. ಈಗ ಆ ಸಲಿಗೆ ಮೂತಿಯನ್ನೂ ದಾಟಿ ಹಾಸಿಗೆಯವರೆಗೆ ಬಂದಿದೆ. ಹಗಲೆಲ್ಲ ಅಂಗಳದಲ್ಲಿ ಓಡಾಡಿಕೊಂಡಿದ್ದ ಟಾಮಿ, ರಾತ್ರಿ ದೀಪ ಆರುತ್ತಿದ್ದಂತೆ ಮಗನದೋ ಮಗಳದೋ ಕಂಬಳಿಯೊಳಗೆ ಸೇರಿಕೊಳ್ಳುತ್ತದೆ. ‘ಪಾಪ, ಅದಕ್ಕೂ ಚಳಿ’ ಎನ್ನುತ್ತಾರೆ ಮಕ್ಕಳು. ‘ಥೂ, ಹಾಸಿಗೆಯೆಲ್ಲ ಮೈಲಿಗೆ’ ಎನ್ನುತ್ತಾರೆ ಅಜ್ಜಿ. ‘ಏನಾದರೂ ಕಾಯಿಲೆ ಅಂಟಿಕೊಂಡರೆ?’ ಎಂಬುದು ಅಮ್ಮನ ಚಿಂತೆ. ಮೂವರ ಮಾತಿನಲ್ಲೂ ಸ್ವಲ್ಪ ಸ್ವಲ್ಪ ನಿಜ ಉಂಟು. ಅದು ಎಲ್ಲಿಯವರೆಗೆ ನಿಜ ಎಂದು ತಿಳಿದುಕೊಂಡರೆ ಮನೆಯ ಜಗಳವೂ ತಪ್ಪೀತು, ಅಪಾಯವೂ ತಪ್ಪೀತು.

ಕಣದಿಂದ ಕೋಣೆಗೆ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಹಳ್ಳಿಗಳಲ್ಲಿ ನಾಯಿ ಸಾಕುವುದು ಹೊಸದೇನೂ ಅಲ್ಲ. ರಾಗಿಯ ಕಣ, ಹುಲ್ಲಿನ ಮೆದೆ, ಕುರಿಯ ಹಟ್ಟಿ, ದ್ರಾಕ್ಷಿಯ ತೋಟ, ಎಲ್ಲಕ್ಕೂ ನಾಯಿಯೇ ಕಾವಲು. ಅದಕ್ಕೆ ಮಿಕ್ಕ ಮುದ್ದೆ, ಮೇಲಿಷ್ಟು ಸಾರು. ಮಲಗುವುದಕ್ಕೆ ಜಗಲಿಯ ಅಂಚೋ, ಬಚ್ಚಲ ಒಲೆಯ ಬೆಚ್ಚನೆಯ ಬೂದಿಯೋ ಸಾಕಿತ್ತು. ಅದು ಮನೆಯ ನಾಯಿಯಾಗಿತ್ತೇ ಹೊರತು ಮನೆಯೊಳಗಿನ ನಾಯಿಯಾಗಿರಲಿಲ್ಲ. ಹೊಸ್ತಿಲು ಅದರ ಗಡಿ.

ಈ ಗಡಿ ಅಳಿಸುವುದಕ್ಕೆ ಕಾರಣಗಳು ಹಲವು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಮುತ್ತ ಎಷ್ಟೋ ಹೊಲಗಳು ನಿವೇಶನಗಳಾದವು. ಹೊಸ ಮನೆಗಳಿಗೆ ಜಗಲಿಯಿಲ್ಲ, ಕೊಟ್ಟಿಗೆಯಿಲ್ಲ. ನಾಟಿ ನಾಯಿಯ ಜೊತೆಗೆ ಪಮೇರಿಯನ್, ಲ್ಯಾಬ್ರಡಾರ್, ಪಗ್ ಜಾತಿಗಳೂ ಬಂದವು. ಇವನ್ನು ಮಳೆ ಚಳಿಯಲ್ಲಿ ಹೊರಗೆ ಬಿಡಲು ಯಾರಿಗೂ ಮನಸ್ಸಿಲ್ಲ. ಶಿವಗಂಗೆಯ ಕಡೆಯ ಬೆಟ್ಟದ ತಪ್ಪಲಿನ ಊರುಗಳಲ್ಲಿ ಇನ್ನೊಂದು ಕಾರಣವೂ ಇದೆ. ಕಟ್ಟಿಹಾಕಿದ ನಾಯಿ ಎಂದರೆ ಚಿರತೆಗೆ ಸುಲಭದ ತುತ್ತು. ಆದ್ದರಿಂದ ಕತ್ತಲಾದರೆ ನಾಯಿಯನ್ನು ಒಳಗೆ ಕರೆದುಕೊಳ್ಳುವುದು ಅಲ್ಲಿ ಮುದ್ದಿನ ಮಾತಲ್ಲ, ಜೀವ ಉಳಿಸುವ ಮಾತು.

ನಾಯಿಯ ಮೇಲಿನ ಮಮತೆ ಪೇಟೆಯಿಂದ ಬಂದ ಶೋಕಿ ಎಂದು ತಿಳಿಯಬೇಕಾಗಿಯೂ ಇಲ್ಲ. ಸಾವಿರ ವರ್ಷಗಳ ಹಿಂದೆಯೇ ಕನ್ನಡಿಗರು ನಾಯಿಯೊಂದಕ್ಕೆ ವೀರಗಲ್ಲು ನಿಲ್ಲಿಸಿದ್ದರು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಸಿಕ್ಕಿದ, ಕ್ರಿ.ಶ. 949-50ರ ಕಾಲದ ಶಾಸನ ಅದು. ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ತೋರಿದ ಗಂಗರ ಬೂತುಗನ ಬಂಟ ಮಣಲೇರ, ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರೊಡನೆ ಹೋರಾಡಿ, ಅದನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ನಿಂತ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಸ್ತೂರ್ಬಾ ರಸ್ತೆಗೆ ಹೋದ ವಿದ್ಯಾರ್ಥಿಗಳು ಅದನ್ನು ನೋಡಿ ಬರಬಹುದು.

ನಿದ್ದೆಯ ಲೆಕ್ಕ

ನಾಯಿ ಪಕ್ಕದಲ್ಲಿದ್ದರೆ ನಿದ್ದೆ ಕೆಡುತ್ತದೆಯೆ? ಅಮೆರಿಕದ ಮೇಯೋ ಕ್ಲಿನಿಕ್ ಸಂಶೋಧಕರು ಇದನ್ನೇ ಅಳೆದು ನೋಡಿ 2017ರಲ್ಲಿ ಪ್ರಕಟಿಸಿದರು. ನಿದ್ದೆಯ ತೊಂದರೆಯಿಲ್ಲದ 40 ಮಂದಿ ವಯಸ್ಕರು ಕೈಗೆ, ಅವರ ನಾಯಿಗಳು ಕೊರಳ ಪಟ್ಟಿಗೆ, ಚಲನೆ ಅಳೆಯುವ ಪುಟ್ಟ ಯಂತ್ರ ಕಟ್ಟಿಕೊಂಡು ಏಳು ರಾತ್ರಿ ಮಲಗಿದರು. ನಾಯಿ ಕೋಣೆಯಲ್ಲಿದ್ದು ಹಾಸಿಗೆಯ ಮೇಲೆ ಇಲ್ಲದಿದ್ದಾಗ, ಮಲಗಿದ ಹೊತ್ತಿನಲ್ಲಿ ಶೇಕಡ 83ರಷ್ಟು ನಿಜವಾದ ನಿದ್ದೆ ಬಂದಿತ್ತು. ನಾಯಿ ಹಾಸಿಗೆ ಏರಿದಾಗ ಅದು ಶೇಕಡ 80ಕ್ಕೆ ಇಳಿಯಿತು. ವ್ಯತ್ಯಾಸ ದೊಡ್ಡದಲ್ಲ. ಆದರೂ ಅದು ಹೇಳುವ ಪಾಠ ಸ್ಪಷ್ಟ: ಕೋಣೆಯಲ್ಲಿರಲಿ, ಹಾಸಿಗೆಯ ಮೇಲೆ ಬೇಡ.

ಮಕ್ಕಳ ವಿಷಯವನ್ನು ಕೆನಡಾದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದವರು ನೋಡಿದರು. 11ರಿಂದ 17 ವರ್ಷದ 188 ಮಕ್ಕಳಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಸಾಕುಪ್ರಾಣಿಯನ್ನು ಆಗಾಗಲೋ ದಿನವೂ ಪಕ್ಕದಲ್ಲಿ ಮಲಗಿಸಿಕೊಳ್ಳುತ್ತಿದ್ದರು. 2021ರಲ್ಲಿ ಹೊರಬಂದ ಆ ಅಧ್ಯಯನದ ಪ್ರಕಾರ ಅವರ ನಿದ್ದೆ ಉಳಿದವರದ್ದಕ್ಕಿಂತ ಕೆಟ್ಟದ್ದೇನೂ ಆಗಿರಲಿಲ್ಲ. ಒಂಟಿ ಕೋಣೆಯಲ್ಲಿ ಹೆದರುವ ಮಗುವಿಗೆ ನಾಯಿಯ ಉಸಿರಾಟದ ಸದ್ದೇ ಧೈರ್ಯ ಕೊಡುವುದೂ ಉಂಟು.

ಆದರೆ ನಾಯಿಯ ನಿದ್ದೆಯ ಸ್ವಭಾವ ಬೇರೆ. ಅದು ಮನುಷ್ಯನಂತೆ ರಾತ್ರಿಯಿಡೀ ಒಂದೇ ಸಮನೆ ಮಲಗುವುದಿಲ್ಲ. ಸ್ವಲ್ಪ ಮಲಗಿ, ಎದ್ದು, ಕಿವಿ ನಿಮಿರಿಸಿ, ಮತ್ತೆ ಮಲಗುತ್ತದೆ. ಬೀದಿಯಲ್ಲಿ ಇನ್ನೊಂದು ನಾಯಿ ಬೊಗಳಿದರೆ ಇದೂ ಉತ್ತರ ಕೊಡಬೇಕು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ದಿನಗಳಲ್ಲಿ ಮೊದಲೇ ನಿದ್ದೆ ಸಾಲದು. ಬೆಳಿಗ್ಗೆ ಮಗು ತೂಕಡಿಸುತ್ತಿದ್ದರೆ ಪುಸ್ತಕವನ್ನು ದೂರುವ ಮೊದಲು ಹಾಸಿಗೆಯಲ್ಲಿ ಯಾರಿದ್ದರು ಎಂದು ನೋಡಿಕೊಳ್ಳುವುದು ಒಳ್ಳೆಯದು.

ಕಣ್ಣಿಗೆ ಕಾಣದ ಅತಿಥಿಗಳು

ನಾಯಿಯ ಜೊತೆಗೆ ಕಂಬಳಿಯೊಳಗೆ ಬರುವವರು ಇನ್ನೂ ಕೆಲವರಿದ್ದಾರೆ. ಉಣ್ಣೆ ಹುಳು ಅವರಲ್ಲಿ ಒಂದು. ನಾಯಿಯ ರಕ್ತ ಹೀರಿ ಉಬ್ಬಿದ ಹೆಣ್ಣು ಹುಳು ಕೆಳಗೆ ಬಿದ್ದು, ಗೋಡೆಯ ಬಿರುಕಿನಲ್ಲೋ ಮಂಚದ ಸಂದಿನಲ್ಲೋ ಸಾವಿರಾರು ಮೊಟ್ಟೆ ಇಡುತ್ತದೆ. ನಾಯಿಗೆ ಸ್ನಾನ ಮಾಡಿಸಿದ ಮಾತ್ರಕ್ಕೆ ಅದು ಮನೆ ಬಿಟ್ಟು ಹೋಗುವುದಿಲ್ಲ. ಸಂದುಗೊಂದುಗಳನ್ನೂ ಸ್ವಚ್ಛ ಮಾಡಬೇಕು. ಚಿಗಟ, ಕಜ್ಜಿ, ಹುಳುಕಡ್ಡಿಗಳೂ ನಾಯಿಯ ಮೈಯಿಂದ ಮಗುವಿನ ಚರ್ಮಕ್ಕೆ ದಾಟಬಲ್ಲವು. ನಾಯಿಯ ಮೈಯಲ್ಲಿ ದುಂಡಗೆ ಕೂದಲು ಉದುರಿ, ಮಗುವಿನ ತೋಳಿನಲ್ಲೂ ದುಂಡಗಿನ ಕೆಂಪು ಕಲೆ ಎದ್ದರೆ ಇಬ್ಬರಿಗೂ ಚಿಕಿತ್ಸೆ ಒಟ್ಟಿಗೆ ಆಗಬೇಕು.

ಹೊಟ್ಟೆಯ ಹುಳುಗಳದ್ದು ಬೇರೆ ಕತೆ. ದುಂಡು ಹುಳು ಎಷ್ಟೋ ಮರಿಗಳಿಗೆ ತಾಯಿಯ ಗರ್ಭದಲ್ಲೇ ಅಂಟಿರುತ್ತದೆ. ಆದರೆ ನಾಯಿಯ ಮಲದಲ್ಲಿ ಹೊರಬಿದ್ದ ಅದರ ಮೊಟ್ಟೆ ಮಣ್ಣಿನಲ್ಲಿ ಕೆಲವು ವಾರ ಬಲಿತ ಮೇಲಷ್ಟೇ ಅಪಾಯಕಾರಿ. ಹಾಗಾಗಿ ಇಲ್ಲಿ ಹಾಸಿಗೆಗಿಂತ ಅಂಗಳದ ಮಣ್ಣು ಮತ್ತು ತೊಳೆಯದ ಕೈ ಹೆಚ್ಚಿನ ತಪ್ಪಿತಸ್ಥರು. ಲಾಡಿ ಹುಳುವಿನ ಒಂದು ಜಾತಿಯಿಂದ ಬರುವ ಹೈಡಾಟಿಡ್ ರೋಗವಂತೂ ಮನುಷ್ಯನ ಈಲಿ, ಶ್ವಾಸಕೋಶಗಳಲ್ಲಿ ನೀರು ತುಂಬಿದ ಗಡ್ಡೆಯಾಗಿ ವರ್ಷಗಟ್ಟಲೆ ಬೆಳೆಯುತ್ತದೆ. ಹಬ್ಬ ಜಾತ್ರೆಗಳಲ್ಲಿ ಕುರಿ ಕಡಿದಾಗ ಹಸಿ ಈಲಿ, ಶ್ವಾಸಕೋಶಗಳನ್ನು ನಾಯಿಗೆ ಎಸೆಯಬಾರದು ಎನ್ನುವುದು ಇದಕ್ಕೇ.

ಹಾಗೆಂದು ನಾಯಿ ಎಂದರೆ ರೋಗದ ಮೂಟೆ ಎಂದೂ ತಿಳಿಯಬೇಕಿಲ್ಲ. ಸ್ವೀಡನ್ನಿನಲ್ಲಿ 6 ಲಕ್ಷಕ್ಕೂ ಹೆಚ್ಚು ಮಕ್ಕಳ ದಾಖಲೆ ನೋಡಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹುಟ್ಟಿದ ಮೊದಲ ವರ್ಷ ನಾಯಿಯಿರುವ ಮನೆಯಲ್ಲಿ ಬೆಳೆದವರಿಗೆ ಶಾಲೆಗೆ ಹೋಗುವ ವಯಸ್ಸಿನಲ್ಲಿ ಆಸ್ತಮಾದ ಸಂಭವ ಶೇಕಡ 13ರಷ್ಟು ಕಡಿಮೆಯಿತ್ತು. ಆದರೆ ಈಗಾಗಲೇ ಉಬ್ಬಸ ಇರುವ, ನಾಯಿಯ ಬಳಿ ಹೋದರೆ ಸೀನುವ ಮಗುವಿಗೆ ಈ ಲೆಕ್ಕ ಅನ್ವಯಿಸದು. ಅಂಥ ಮಗುವಿನ ಕೋಣೆಗೇ ನಾಯಿ ಬರಬಾರದು.

ಮುಚ್ಚಿಟ್ಟ ಗೀರು

ಇವೆಲ್ಲಕ್ಕೂ ಔಷಧಿಯುಂಟು. ಒಮ್ಮೆ ಲಕ್ಷಣ ಕಾಣಿಸಿಕೊಂಡರೆ ಬದುಕುವ ಆಸೆಯೇ ಇಲ್ಲದ ಕಾಯಿಲೆ ಒಂದೇ: ರೇಬೀಸ್. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 59,000 ಜನ ಇದಕ್ಕೆ ಬಲಿಯಾಗುತ್ತಾರೆ. ಶಂಕಿತ ಹುಚ್ಚುನಾಯಿಯಿಂದ ಕಚ್ಚಿಸಿಕೊಂಡವರಲ್ಲಿ ಶೇಕಡ 40ರಷ್ಟು ಮಂದಿ 15 ವರ್ಷದ ಒಳಗಿನವರು. ಕರ್ನಾಟಕ ಸರ್ಕಾರ 2022ರ ಡಿಸೆಂಬರಿನಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು.

‘ನಮ್ಮದು ಮನೆ ನಾಯಿ, ಅದಕ್ಕೆಲ್ಲಿಯ ಹುಚ್ಚು?’ ಎನ್ನುವವರು ಬಹಳ. ಲಸಿಕೆ ಹಾಕಿಸದ ನಾಯಿ, ಹಗಲು ಗೇಟು ದಾಟಿ ಬೀದಿನಾಯಿಯೊಂದಿಗೆ ಕಚ್ಚಾಡಿ ಬಂದರೆ ಸಾಕು. ಎರಡು ಮೂರು ತಿಂಗಳ ಮರಿಗೂ ಈ ರೋಗ ಬರುತ್ತದೆ. ಹುಚ್ಚು ಹಿಡಿದ ನಾಯಿಯೆಲ್ಲ ಜೊಲ್ಲು ಸುರಿಸುತ್ತ ಅಟ್ಟಿಸಿಕೊಂಡು ಬರುವುದೂ ಇಲ್ಲ. ಕೆಲವು ಮಂಕಾಗಿ ಮೂಲೆ ಸೇರುತ್ತವೆ, ಊಟ ಬಿಡುತ್ತವೆ, ನುಂಗಲಾಗದೆ ಒದ್ದಾಡುತ್ತವೆ. ಅಂಥ ಹೊತ್ತಿನಲ್ಲಿ ಮಕ್ಕಳಿಗೆ ಕನಿಕರ ಹೆಚ್ಚಾಗಿ ಅದನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಾರೆ. ಲಕ್ಷಣ ಕಾಣುವ ಕೆಲವು ದಿನ ಮೊದಲೇ ಜೊಲ್ಲಿನಲ್ಲಿ ವೈರಸ್ ಇರಬಹುದು. ಹಾಸಿಗೆಯಲ್ಲಿ ಮಗುವಿನ ಮುಖವೂ ನಾಯಿಯ ಬಾಯಿಯೂ ಒಂದೇ ಎತ್ತರದಲ್ಲಿರುತ್ತವೆ. ನಿದ್ದೆಗಣ್ಣಿನಲ್ಲಿ ಬೆಚ್ಚಿದ ನಾಯಿ, ರೋಗವಿಲ್ಲದಿದ್ದರೂ, ಬಾಯಿ ಹಾಕುವುದುಂಟು. ತಲೆ, ಮುಖ, ಕುತ್ತಿಗೆಯ ಗಾಯ ಮಿದುಳಿಗೆ ಹತ್ತಿರ. ಆದ್ದರಿಂದ ಅದು ಕಾಲಿನ ಗಾಯಕ್ಕಿಂತ ಅಪಾಯಕಾರಿ.

ಆರೋಗ್ಯವಾದ ಚರ್ಮದ ಮೇಲೆ ನೆಕ್ಕಿದರೆ ತೊಳೆದುಕೊಂಡರೆ ಸಾಕು. ರಕ್ತ ಬಾರದ ತರಚು ಗೀರಾದರೂ ಲಸಿಕೆ ಬೇಕು. ರಕ್ತ ಬಂದ ಗಾಯ, ಅಥವಾ ಮೊದಲೇ ಇದ್ದ ಗಾಯದ ಮೇಲೆ, ಬಾಯಿ ಕಣ್ಣುಗಳಿಗೆ ಜೊಲ್ಲು ತಾಗಿದ್ದಾದರೆ ಲಸಿಕೆಯ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಯಾವುದೇ ಗಾಯವಿರಲಿ, ಮೊದಲ ಕೆಲಸ ಹರಿಯುವ ನೀರು ಮತ್ತು ಸೋಪಿನಲ್ಲಿ 15 ನಿಮಿಷ ತೊಳೆಯುವುದು. ಸುಣ್ಣ, ಮೆಣಸಿನ ಪುಡಿ, ಅರಿಸಿನ ಮೆತ್ತಬಾರದು. ಆಮೇಲೆ ತಡಮಾಡದೆ ಆಸ್ಪತ್ರೆ. ನಾಯಿಯನ್ನು 10 ದಿನ ಗಮನಿಸಬೇಕು ನಿಜ. ಆದರೆ ಆ ಹತ್ತು ದಿನ ಕಳೆಯಲಿ ಎಂದು ಲಸಿಕೆಗೆ ಕಾಯಬಾರದು.

ಮಕ್ಕಳು ಗೀರನ್ನು ಮುಚ್ಚಿಡುವುದಕ್ಕೆ ಎರಡು ಕಾರಣ. ಅಪ್ಪ ಬೈಯುತ್ತಾರೆ, ನಾಯಿಯನ್ನು ಎಲ್ಲಾದರೂ ಬಿಟ್ಟುಬರುತ್ತಾರೆ ಎಂಬುದು ಒಂದು. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚುಮದ್ದು ಎಂದು ತಾತ ಹೇಳಿದ ಹಳೆಯ ಭಯ ಇನ್ನೊಂದು. ಆ ಹಳೆಯ ಲಸಿಕೆಯ ತಯಾರಿಕೆ ಭಾರತದಲ್ಲಿ 2004ರ ಕೊನೆಗೆ ನಿಂತಿತು. ಈಗ ತೋಳಿಗೆ ನಾಲ್ಕು ದಿನ (0, 3, 7, 28ನೇ ದಿನ) ಚರ್ಮದೊಳಗೆ ಕೊಡುವ ಚುಚ್ಚುಮದ್ದು, ಇಲ್ಲವೆ ಮಾಂಸಖಂಡಕ್ಕೆ ಐದು. ಅಷ್ಟೇ.

ಮಾಡಬೇಕಾದ್ದಿಷ್ಟು

ಮರಿ ತಂದ ಕೂಡಲೆ ತಾಲ್ಲೂಕಿನ ಪಶು ಆಸ್ಪತ್ರೆಗೋ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೋ ತೋರಿಸಬೇಕು. ಮೂರು ತಿಂಗಳಿಗೆ ರೇಬೀಸ್ ಲಸಿಕೆ, ವೈದ್ಯರು ಹೇಳಿದಾಗ ಇನ್ನೊಂದು, ನಂತರ ವರ್ಷಕ್ಕೊಮ್ಮೆ. ಮರಿಗೆ ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ, ದೊಡ್ಡದಾದ ಮೇಲೆ ಮೂರು ತಿಂಗಳಿಗೊಮ್ಮೆ ಹುಳದ ಔಷಧಿ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಉಚಿತ ಲಸಿಕೆಯ ಶಿಬಿರಗಳೂ ನಡೆಯುತ್ತವೆ. ಲಸಿಕೆಯ ಚೀಟಿಯನ್ನು ಮಗುವಿನ ಅಂಕಪಟ್ಟಿಯಷ್ಟೇ ಜೋಪಾನವಾಗಿ ಇಟ್ಟುಕೊಳ್ಳಬೇಕು.

ಮಲಗುವುದಕ್ಕೆ ನಾಯಿಗೂ ಒಂದು ಜಾಗವಿರಲಿ. ಮಂಚದ ಪಕ್ಕದಲ್ಲೇ ಮಡಿಸಿದ ಗೋಣಿತಾಟು, ಮೇಲೊಂದು ಹಳೆಯ ಕಂಬಳಿ ಸಾಕು. ವಾರಕ್ಕೊಮ್ಮೆ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹರವಬೇಕು. ಮೊದಲ ಕೆಲವು ರಾತ್ರಿ ಕುಂಯ್‌ಗುಟ್ಟಿದರೂ ದಿನವೂ ಒಂದೇ ನಿಯಮವಿದ್ದರೆ ಬೇಗ ಕಲಿಯುತ್ತದೆ. ಇಂದು ಮೇಲೆ, ನಾಳೆ ಕೆಳಗೆ ಎಂದರೆ ಅದಕ್ಕೂ ಗೊಂದಲ. ಹಸುಗೂಸಿನ ಬಳಿ ಮಾತ್ರ ನಾಯಿಯನ್ನು ಒಂಟಿಯಾಗಿ ಬಿಡಲೇಬಾರದು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಒಂದು ಮಾತು. ಅದನ್ನು ಅಪ್ಪ ಅಮ್ಮ ಇಂದೇ ಮಕ್ಕಳನ್ನು ಕೂರಿಸಿಕೊಂಡು ಹೇಳಬೇಕು: ‘ನಾಯಿ ಕಚ್ಚಿದರೂ, ಗೀರಿದರೂ ತಕ್ಷಣ ಬಂದು ಹೇಳು. ನಿನ್ನನ್ನೂ ಬೈಯುವುದಿಲ್ಲ, ನಾಯಿಯನ್ನೂ ಓಡಿಸುವುದಿಲ್ಲ.’ ಹೇಳಿದ ಮೇಲೆ ಆ ಮಾತಿಗೆ ತಪ್ಪಬಾರದು. ಮಗು ಒಮ್ಮೆ ನಂಬಿದರೆ ಗೀರು ಮುಚ್ಚಿಡುವುದಿಲ್ಲ. ಅಷ್ಟಾದರೆ ಆಸ್ಪತ್ರೆಗೆ ಹೋಗಲು ಇನ್ನೂ ಸಮಯವಿರುತ್ತದೆ.